ಮನೋವಿಜ್ಞಾನದ ಪದವಿ: ಯಾವ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳಬೇಕು?

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ಮೇಲೆ, ಮನೋವಿಜ್ಞಾನವನ್ನು ಓದಬಯಸುವ ಮಕ್ಕಳಿರುವ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಒಂದು ಕಡೆ ಮನೆಯಿಂದಲೇ ಹೋಗಿಬರಬಹುದಾದ, ಶುಲ್ಕ ಕಡಿಮೆಯಿರುವ ಕಾಲೇಜು. ಇನ್ನೊಂದು ಕಡೆ ದೂರದ ನಗರದಲ್ಲಿರುವ, ಹೆಸರು ಕೇಳಿದೊಡನೆ ನೆಂಟರಿಷ್ಟರು ತಲೆದೂಗುವ ವಿಶ್ವವಿದ್ಯಾಲಯ. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಪೋಷಕರು ವಿಚಾರಿಸುತ್ತಾರೆ. ಆದರೆ ಮನೋವಿಜ್ಞಾನದ ವಿಷಯದಲ್ಲಿ ಈ ಪ್ರಶ್ನೆಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಪದವಿಯ ನಂತರ ವಿದ್ಯಾರ್ಥಿಯು ಯಾವ ಕೆಲಸವನ್ನು ಮಾಡಲು ಬಯಸುತ್ತಾನೆ, ಆ ಕೆಲಸಕ್ಕೆ ಕಾನೂನು ಯಾವ ಅರ್ಹತೆಯನ್ನು ಕೇಳುತ್ತದೆ ಎಂಬುದೇ ಆ ಪ್ರಶ್ನೆ. ಈ ಕ್ರಮವನ್ನು ತಿರುವುಮುರುವು ಮಾಡಿದವರು ಐದಾರು ವರ್ಷ ಓದಿದ ಮೇಲೆ, ತಾವು ಬಯಸಿದ ಬಾಗಿಲು ತಮಗೆ ತೆರೆಯದು ಎಂಬುದನ್ನು ಅರಿಯುವ ಸಂದರ್ಭಗಳಿವೆ.

ಮೂರು ಹೆಸರುಗಳು, ಮೂರು ಅರ್ಹತೆಗಳು

ಮನೋವೈದ್ಯ, ಚಿಕಿತ್ಸಾ ಮನೋವಿಜ್ಞಾನಿ ಮತ್ತು ಆಪ್ತಸಮಾಲೋಚಕ ಎಂಬ ಮೂರು ಹೆಸರುಗಳನ್ನು ನಿತ್ಯದ ಮಾತಿನಲ್ಲಿ ಒಂದರ ಬದಲು ಒಂದನ್ನು ಬಳಸುವುದುಂಟು. ಮನೋವೈದ್ಯರು ಮೊದಲು ಎಂ.ಬಿ.ಬಿ.ಎಸ್. ಮುಗಿಸಿ, ಅನಂತರ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರು. ಔಷಧಿಯನ್ನು ಬರೆದುಕೊಡುವ ಅಧಿಕಾರ ಅವರಿಗಿದೆ. ಮನೋವಿಜ್ಞಾನದ ಬಿ.ಎ. ಅಥವಾ ಬಿ.ಎಸ್‌ಸಿ. ಪದವಿಯಿಂದ ಹೊರಟ ಯಾವ ದಾರಿಯೂ ಅಲ್ಲಿಗೆ ತಲಪುವುದಿಲ್ಲ. ಮಗಳು ಮನೋವಿಜ್ಞಾನ ಓದಿ ಡಾಕ್ಟರಾಗುತ್ತಾಳೆ ಎಂದು ನಂಬಿರುವ ತಂದೆತಾಯಿಗಳು ಇದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.

ಚಿಕಿತ್ಸಾ ಮನೋವಿಜ್ಞಾನಿ, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಹೆಸರಿಗೆ ಕಾನೂನಿನ ಚೌಕಟ್ಟಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಅಧಿನಿಯಮದಂತೆ ಇವರು ಪರಿಷತ್ತಿನ ಕೇಂದ್ರ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಿಸಿಕೊಂಡಿರಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವೂ ಈ ಹೆಸರನ್ನು ವ್ಯಾಖ್ಯಾನಿಸುವಾಗ ಪರಿಷತ್ತಿನ ಅನುಮೋದನೆಯನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಎಂ.ಎ. ಅಥವಾ ಎಂ.ಎಸ್‌ಸಿ. ಆದ ಬಳಿಕ, ಪರಿಷತ್ತು ಅನುಮೋದಿಸಿದ ಸಂಸ್ಥೆಯಲ್ಲಿ, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ಕೆಲಸ ಮಾಡುತ್ತ ಪಡೆಯುವ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ತರಬೇತಿಯೇ ದಶಕಗಳ ಕಾಲ ಇದಕ್ಕೆ ರಾಜಮಾರ್ಗವಾಗಿತ್ತು. ಪ್ರಮಾಣಪತ್ರದಲ್ಲಿ ಚಿಕಿತ್ಸಾ ಮನೋವಿಜ್ಞಾನ ಎಂಬ ಶಬ್ದವಿದ್ದ ಮಾತ್ರಕ್ಕೆ ನೋಂದಣಿ ದೊರೆಯುವುದಿಲ್ಲ ಎಂಬ ಸಂಗತಿ ಇಲ್ಲಿ ಅತ್ಯಂತ ಮುಖ್ಯ. ಒಂದು ವಿಶ್ವವಿದ್ಯಾಲಯಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರಬಹುದು, ಅದೇ ವಿಶ್ವವಿದ್ಯಾಲಯದ ಆ ಒಂದು ಪಠ್ಯಕ್ರಮಕ್ಕೆ ಪರಿಷತ್ತಿನ ಅನುಮೋದನೆ ಇಲ್ಲದಿರಬಹುದು. ಇವೆರಡೂ ಬೇರೆ ಬೇರೆ ಮುದ್ರೆಗಳು.

ಇನ್ನು ಆಪ್ತಸಮಾಲೋಚಕರ ವಿಷಯ. ಕೌನ್ಸೆಲಿಂಗ್ ಎಂಬ ಇಂಗ್ಲಿಷ್ ಪದ ಸೀಟು ಹಂಚುವ ಪ್ರಕ್ರಿಯೆಗೂ ಮನಸ್ಸಿನ ಭಾರ ಇಳಿಸುವ ಮಾತುಕತೆಗೂ ಏಕಪ್ರಕಾರವಾಗಿ ಬಳಕೆಯಾಗುತ್ತಿರುವುದರಿಂದ ಆಗುವ ಗೊಂದಲ ಅಷ್ಟಿಷ್ಟಲ್ಲ. ಕನ್ನಡದಲ್ಲಿ ಎರಡನೆಯದಕ್ಕೆ ಆಪ್ತಸಮಾಲೋಚನೆ ಎಂಬ ಒಳ್ಳೆಯ ಪದವಿರುವಾಗ ಅದನ್ನೇ ಬಳಸುವುದು ಲೇಸು. ಈ ಕ್ಷೇತ್ರಕ್ಕೆ ಬಹುಕಾಲ ಒಂದು ನಿಶ್ಚಿತ ನಿಯಂತ್ರಣ ವ್ಯವಸ್ಥೆ ಇರಲಿಲ್ಲ. ಕೆಲವು ವಾರಗಳ ಪ್ರಮಾಣಪತ್ರ ಪಡೆದವರೂ ಫಲಕ ಹಾಕಿ ಕುಳಿತದ್ದುಂಟು. 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗದ ಅಧಿನಿಯಮವು ವರ್ತನಾ ಆರೋಗ್ಯ ವಿಜ್ಞಾನಗಳ ವೃತ್ತಿಪರರು ಎಂಬ ವರ್ಗವನ್ನು ರೂಪಿಸಿ, ಪುನರ್ವಸತಿ ಪರಿಷತ್ತಿನ ವ್ಯಾಪ್ತಿಗೆ ಒಳಪಟ್ಟ ಚಿಕಿತ್ಸಾ ಮನೋವಿಜ್ಞಾನಿಗಳನ್ನು ಬಿಟ್ಟು ಉಳಿದ ಮನೋವಿಜ್ಞಾನಿಗಳನ್ನೂ ಹಲವು ಬಗೆಯ ಸಮಾಲೋಚಕರನ್ನೂ ಅದರಲ್ಲಿ ಸೇರಿಸಿದೆ.

ದೂರಶಿಕ್ಷಣವನ್ನು ಕುರಿತು ಒಂದು ಎಚ್ಚರಿಕೆ

ಮೇಲೆ ಹೇಳಿದ 2021ರ ಅಧಿನಿಯಮದ ನೇರ ಪರಿಣಾಮವೊಂದು ಅನೇಕ ಕುಟುಂಬಗಳಿಗೆ ಇನ್ನೂ ತಿಳಿದಿಲ್ಲ. ಹೊರನಾಡಿನ ನಗರಗಳಲ್ಲಿ ನೌಕರಿಯ ಜೊತೆಗೆ, ಅಥವಾ ಮನೆಯ ಜವಾಬ್ದಾರಿಯ ನಡುವೆ, ಅಂಚೆಯ ಮೂಲಕವೋ ಅಂತರಜಾಲದ ಮೂಲಕವೋ ಮನೋವಿಜ್ಞಾನ ಓದುವುದು ಬಹುಕಾಲ ರೂಢಿಯಲ್ಲಿತ್ತು. ಆದರೆ ಈ ಅಧಿನಿಯಮದ ವ್ಯಾಪ್ತಿಗೆ ಬರುವ ವಿಷಯಗಳನ್ನು, ಮನೋವಿಜ್ಞಾನವನ್ನೂ ಸೇರಿಸಿ, ಮುಕ್ತ ಹಾಗೂ ದೂರಶಿಕ್ಷಣದ ಮೂಲಕ ಅಥವಾ ಆನ್‌ಲೈನ್ ಮೂಲಕ ಬೋಧಿಸಕೂಡದೆಂದೂ, 2025ರ ಜುಲೈ-ಆಗಸ್ಟ್ ಸಾಲಿನಿಂದ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಾರದೆಂದೂ ವಿಶ್ವವಿದ್ಯಾಲಯ ಅನುದಾನ ಆಯೋಗವು 2025ರಲ್ಲಿ ಸೂಚನೆ ಹೊರಡಿಸಿದೆ. ಬಿ.ಎ. ಪದವಿಯಲ್ಲಿ ಹಲವು ವಿಷಯಗಳಿದ್ದರೆ ಈ ವಿಷಯವನ್ನಷ್ಟೇ ಕೈಬಿಡಬೇಕು.

ಆದಕಾರಣ ಮನೆಯಲ್ಲೇ ಕುಳಿತು ಮನೋವಿಜ್ಞಾನದ ಪದವಿ ಪಡೆಯಿರಿ ಎಂಬ ಜಾಹೀರಾತು ಕಣ್ಣಿಗೆ ಬಿದ್ದರೆ, ಹಣ ಕಟ್ಟುವ ಮುನ್ನ ಆಯೋಗದ ಜಾಲತಾಣವನ್ನು ನೋಡತಕ್ಕದ್ದು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಆಯೋಗ ಅಲ್ಲಿಯೇ ಪ್ರಕಟಿಸುತ್ತದೆ. ರಾಜಧಾನಿಯ ವಿಳಾಸ ಕೊಟ್ಟುಕೊಂಡ ಹೆಸರುಗಳು ಆ ಪಟ್ಟಿಯಲ್ಲಿ ಕಡಿಮೆಯೇನಿಲ್ಲ ಎಂಬುದನ್ನು ದೆಹಲಿಯ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು.

ಏಣಿಯ ಮೆಟ್ಟಿಲುಗಳು ಬದಲಾಗುತ್ತಿವೆ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಂ.ಫಿಲ್. ಪದವಿಯನ್ನು ನಿಲ್ಲಿಸಲು ಹೇಳಿತು. ಚಿಕಿತ್ಸಾ ಮನೋವಿಜ್ಞಾನಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ ವಿನಾಯಿತಿ ನೀಡಿ, 2025-26ರ ಸಾಲಿನವರೆಗೆ ಪ್ರವೇಶಕ್ಕೆ ಆಯೋಗ ಅವಕಾಶ ವಿಸ್ತರಿಸಿತು. ಈಗ ಪದವಿ ತರಗತಿಗೆ ಸೇರುವ ವಿದ್ಯಾರ್ಥಿ ವೃತ್ತಿ ತರಬೇತಿಯ ಹೊಸ್ತಿಲಿಗೆ ಬರುವ ವೇಳೆಗೆ ಐದು ವರ್ಷ ಕಳೆದಿರುತ್ತದೆ. ಅಣ್ಣನೋ ಅಕ್ಕನೋ ನಡೆದ ದಾರಿಯೇ ಅಂದೂ ಇರುತ್ತದೆ ಎಂದು ಲೆಕ್ಕ ಹಾಕುವುದು ಸರಿಯಲ್ಲ. ಸೈ.ಡಿ. ಎಂಬ ವೃತ್ತಿಪರ ಡಾಕ್ಟರೇಟ್ ಪದವಿ ಮೊದಲಾದ ಬದಲಿ ಮಾರ್ಗಗಳನ್ನು ಪುನರ್ವಸತಿ ಪರಿಷತ್ತು ಅನುಮೋದಿಸಿದೆ. ಯಾವ ಸಂಸ್ಥೆಗೆ, ಯಾವ ಪಠ್ಯಕ್ರಮಕ್ಕೆ, ಯಾವ ಸಾಲಿನವರೆಗೆ ಅನುಮೋದನೆ ಇದೆ ಎಂಬುದನ್ನು ಪರಿಷತ್ತಿನ ಪಟ್ಟಿಯಲ್ಲಿ ಪ್ರತಿವರ್ಷ ನೋಡಿಕೊಳ್ಳುತ್ತಿರಬೇಕು.

ಪದವಿಯ ಅವಧಿಯಲ್ಲಿಯೂ ಏಕರೂಪತೆ ಇಲ್ಲ. ದೆಹಲಿ ವಿಶ್ವವಿದ್ಯಾಲಯ 2022ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿತು. ಮೂರನೆಯ ವರ್ಷದ ಕೊನೆಯಲ್ಲಿ ಹೊರಬರಲೂ ಅಲ್ಲಿ ಅವಕಾಶವಿದೆ. ಕರ್ನಾಟಕವು ನಾಲ್ಕು ವರ್ಷದ ಪದ್ಧತಿಯನ್ನು ಕೆಲಕಾಲ ನಡೆಸಿ, 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿದೆ. ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದಲ್ಲಿ ಸ್ನಾತಕೋತ್ತರ ಪದವಿ ಎಂಬ ಏರ್ಪಾಡು ಆಕರ್ಷಕವಾಗಿ ಕಾಣಬಹುದು. ಆದರೆ ಮುಂದೆ ಸೇರಬಯಸುವ ವೃತ್ತಿ ತರಬೇತಿ ಸಂಸ್ಥೆಯು ಒಂದು ವರ್ಷದ ಎಂ.ಎ. ಪದವಿಯನ್ನು ಅರ್ಹತೆಯಾಗಿ ಒಪ್ಪುತ್ತದೆಯೇ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿಯತಕ್ಕದ್ದು.

ನಗರದಿಂದ ನಗರಕ್ಕೆ

ಮನೋವಿಜ್ಞಾನದ ಬಿ.ಎ. ಎಂಬ ಒಂದೇ ಹೆಸರಿನಡಿ ಊರೂರಿಗೆ ಬೇರೆ ಬೇರೆ ಸರಕು ಇರುತ್ತದೆ. ದೆಹಲಿಯಲ್ಲಿ ಆನರ್ಸ್ ಪದವಿ ಎಂದರೆ ಮೊದಲ ವರ್ಷದಿಂದಲೇ ಮನೋವಿಜ್ಞಾನ ಪ್ರಧಾನ ವಿಷಯ. ಲೇಡಿ ಶ್ರೀರಾಮ್, ಗಾರ್ಗಿ, ಜಾಕಿರ್ ಹುಸೇನ್ ಮುಂತಾದ ಕಾಲೇಜುಗಳಲ್ಲಿ ಈ ವಿಷಯವಿದೆ. 2022ರಿಂದ ಇಲ್ಲಿಗೆ ಪ್ರವೇಶ ದೊರೆಯುವುದು ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಈ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಬಹುದಾಗಿದ್ದು, ಕನ್ನಡವೂ ಅವುಗಳಲ್ಲಿ ಒಂದು. ಆದರೆ ಪರೀಕ್ಷೆಯ ಭಾಷೆ ಪಾಠದ ಭಾಷೆಯಲ್ಲ. ಒಳಗೆ ಹೋದ ಮೇಲೆ ಓದುವ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಇರುತ್ತವೆ.

ಮುಂಬಯಿಯ ಹಳೆಯ ಕ್ರಮದಲ್ಲಿ ಮೊದಲೆರಡು ವರ್ಷ ಹಲವು ವಿಷಯಗಳ ನಡುವೆ ಮನೋವಿಜ್ಞಾನವೂ ಒಂದಾಗಿದ್ದು, ಮೂರನೆಯ ವರ್ಷದಲ್ಲಿ ಆರು ಪತ್ರಿಕೆಗಳೂ ಅದರದೇ ಆಗುತ್ತಿದ್ದವು. ಆ ಆರು ಪತ್ರಿಕೆಯ ಅವಕಾಶ ಎಲ್ಲ ಕಾಲೇಜುಗಳಲ್ಲೂ ಇರುತ್ತಿರಲಿಲ್ಲ. ಹೊಸ ನೀತಿಯ ಅನುಷ್ಠಾನದಿಂದ ಅಲ್ಲಿ ಹೆಸರುಗಳು ಬದಲಾಗಿವೆ, ಆದರೆ ಕೇಳಬೇಕಾದ ಪ್ರಶ್ನೆ ಹಳೆಯದೇ: ಈ ಕಾಲೇಜಿನಲ್ಲಿ ಮನೋವಿಜ್ಞಾನವನ್ನು ಪ್ರಧಾನ ವಿಷಯವಾಗಿ ಕೊನೆಯ ವರ್ಷದವರೆಗೂ ಬೋಧಿಸುತ್ತಾರೆಯೇ? ಸ್ನಾತಕೋತ್ತರ ಹಂತದಲ್ಲಿ ಮುಂಬಯಿ ಸಮೃದ್ಧವಾಗಿದೆ. ಮುಂಬಯಿ ವಿಶ್ವವಿದ್ಯಾಲಯದ ಅನ್ವಯಿಕ ಮನೋವಿಜ್ಞಾನ ವಿಭಾಗ ಕಾಲೀನಾದಲ್ಲಿದೆ. 1936ರಲ್ಲಿ ಸ್ಥಾಪನೆಗೊಂಡ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ಅನ್ವಯಿಕ ಮನೋವಿಜ್ಞಾನದ ಎಂ.ಎ. ಬೋಧನೆಗೆ ಹೆಸರಾಗಿದೆ.

ಕರ್ನಾಟಕದ ಬಹುತೇಕ ಕಾಲೇಜುಗಳಲ್ಲಿ ಮೂರು ಐಚ್ಛಿಕ ವಿಷಯಗಳ ಕೂಟದಲ್ಲಿ ಮನೋವಿಜ್ಞಾನ ಒಂದಾಗಿರುವುದು ಬಹುಕಾಲದ ಪದ್ಧತಿ. ಜೊತೆಗೆ ಸಮಾಜಶಾಸ್ತ್ರವೋ ಪತ್ರಿಕೋದ್ಯಮವೋ ಇರುತ್ತದೆ. ಇದನ್ನು ಕೊರತೆ ಎಂದು ಭಾವಿಸಬೇಕಾಗಿಲ್ಲ. ಮನುಷ್ಯನನ್ನು ಅವನ ಸಮಾಜದಿಂದ ಕಿತ್ತು ನೋಡುವ ಅಭ್ಯಾಸ ಇದರಿಂದ ತಪ್ಪುತ್ತದೆ ಎಂದು ಹೇಳುವವರಿದ್ದಾರೆ, ಅದರಲ್ಲಿ ಹುರುಳಿದೆ. ಆದರೆ ಪತ್ರಿಕೆಗಳ ಸಂಖ್ಯೆಯನ್ನು ಎಣಿಸುವ ಎಂ.ಎ. ಪ್ರವೇಶ ನಿಯಮವಿದ್ದಲ್ಲಿ ಇಂತಹ ಪದವೀಧರರು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕಾಗುತ್ತದೆ. ಚೆನ್ನೈಯಲ್ಲಿ ಮದರಾಸು ವಿಶ್ವವಿದ್ಯಾಲಯದ ವಿಭಾಗವೂ ಪ್ರೆಸಿಡೆನ್ಸಿ ಮತ್ತು ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜುಗಳೂ ಇವೆ. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಜೊತೆಗೆ, ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ಮನೋವಿಜ್ಞಾನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಬೌದ್ಧಿಕ ವಿಕಲತೆ ಇರುವ ಮಕ್ಕಳೊಡನೆ ಕೆಲಸ ಮಾಡಬಯಸುವವರಿಗೆ, 1984ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ಸಮೀಪದಲ್ಲಿಯೇ ಇರುವುದು ದೊಡ್ಡ ಅನುಕೂಲ.

ವಿಭಾಗವನ್ನು ನೋಡುವ ಬಗೆ

ಪುಣೆಯಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳೋಣ. ಮಗಳಿಗೆ ನಗರದ ಹಳೆಯ ಅನುದಾನಿತ ಕಾಲೇಜಿನಲ್ಲಿ ಸೀಟು ದೊರೆತಿದೆ. ಅದೇ ವೇಳೆಗೆ ಬೇರೊಂದು ನಗರದ ಖಾಸಗಿ ವಿಶ್ವವಿದ್ಯಾಲಯವೂ ಪ್ರವೇಶ ನೀಡಿದೆ. ಎರಡನೆಯದರ ಕಟ್ಟಡ ಭವ್ಯವಾಗಿದೆ, ವಾರ್ಷಿಕ ಶುಲ್ಕ ಲಕ್ಷಗಳಲ್ಲಿದೆ, ವಸತಿಗೃಹದ ವೆಚ್ಚ ಬೇರೆ. ತಂದೆ ಶ್ರೇಯಾಂಕಗಳ ಪಟ್ಟಿಯನ್ನು ತೆರೆಯುತ್ತಾರೆ. ಇಲ್ಲಿ ಒಂದು ಮಾತು ತಿಳಿದಿರಬೇಕು: ನ್ಯಾಕ್ ಸಂಸ್ಥೆಯ ಶ್ರೇಣಿ ಇಡೀ ವಿದ್ಯಾಸಂಸ್ಥೆಗೆ ನೀಡಿದ್ದು, ಮನೋವಿಜ್ಞಾನ ವಿಭಾಗಕ್ಕಲ್ಲ. ಕೇಂದ್ರ ಸರ್ಕಾರ ಪ್ರಕಟಿಸುವ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಮುಂತಾದವುಗಳಿಗೆ ಪ್ರತ್ಯೇಕ ವಿಭಾಗಗಳಿವೆಯೇ ಹೊರತು ಮನೋವಿಜ್ಞಾನಕ್ಕೆ ಇಲ್ಲ. ಎಂಜಿನಿಯರಿಂಗಿನಿಂದ ಬಂದ ಕೀರ್ತಿಯ ನೆರಳಿನಲ್ಲಿ ಮೊನ್ನೆ ತೆರೆದ ಮನೋವಿಜ್ಞಾನ ವಿಭಾಗವೂ ನಿಂತಿರಬಹುದು.

ಆದುದರಿಂದ ನೋಡಬೇಕಾದದ್ದು ವಿಭಾಗವನ್ನು. ಮೊದಲನೆಯದು ಕಾಯಂ ಅಧ್ಯಾಪಕರ ಸಂಖ್ಯೆ. ಇಬ್ಬರು ಕಾಯಂ ಅಧ್ಯಾಪಕರು ಹಾಗೂ ವರ್ಷಕ್ಕೊಮ್ಮೆ ಬದಲಾಗುವ ಅತಿಥಿ ಉಪನ್ಯಾಸಕರು ನೂರಾರು ವಿದ್ಯಾರ್ಥಿಗಳನ್ನು ನಿಭಾಯಿಸುತ್ತಿದ್ದರೆ, ಅಲ್ಲಿ ಪ್ರಾಯೋಗಿಕ ತರಗತಿ ಹೇಗೆ ನಡೆದೀತು? ಎರಡನೆಯದು ಪ್ರಯೋಗಾಲಯ. ಕನ್ನಡಿಯೊಳಗಿನ ಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಅಂಚಿನ ಮೇಲೆ ಪೆನ್ಸಿಲು ಓಡಿಸುವ ಪ್ರಯೋಗ, ಸಮವಾದ ಎರಡು ಗೆರೆಗಳು ಬಾಣದ ತುದಿಗಳಿಂದ ಉದ್ದಗಿಡ್ಡವಾಗಿ ಕಾಣುವ ಮ್ಯುಲ್ಲರ್-ಲೈಯರ್ ಭ್ರಮೆಯ ಅಳತೆ ಮೊದಲಾದವು ಹಳೆಯ ಪ್ರಯೋಗಗಳೇ. ಆದರೂ ಅವನ್ನು ತನ್ನ ಕೈಯಿಂದ ಮಾಡಿ, ಸಹಪಾಠಿಯ ತಪ್ಪುಗಳನ್ನು ಎಣಿಸಿ, ಅಂಕಿಅಂಶಗಳ ಕೋಷ್ಟಕ ರಚಿಸಿದ ವಿದ್ಯಾರ್ಥಿಗೂ, ಸಿದ್ಧ ದಾಖಲೆ ಪುಸ್ತಕವನ್ನು ನಕಲು ಮಾಡಿದ ವಿದ್ಯಾರ್ಥಿಗೂ ಇರುವ ಅಂತರ ಎಂ.ಎ. ತರಗತಿಯಲ್ಲಿ ಬಯಲಾಗುತ್ತದೆ. ಸಂಖ್ಯಾಶಾಸ್ತ್ರದ ಪತ್ರಿಕೆ ಎಷ್ಟು ವರ್ಷ ಇದೆ ಎಂದೂ ಕೇಳಬೇಕು. ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಈ ವಿಷಯಕ್ಕೆ ಬರುವವರು ಇಲ್ಲಿ ನಿರಾಶರಾಗುತ್ತಾರೆ. ಆಸ್ಪತ್ರೆ, ವಿಶೇಷ ಶಾಲೆ, ಕಾರ್ಖಾನೆಗಳಲ್ಲಿ ಮೇಲ್ವಿಚಾರಣೆಯೊಡನೆ ಕ್ಷೇತ್ರಕಾರ್ಯಕ್ಕೆ ಏರ್ಪಾಡು ಇದೆಯೇ, ಹಳೆಯ ವಿದ್ಯಾರ್ಥಿಗಳು ಯಾವ ಎಂ.ಎ. ತರಗತಿಗಳಿಗೆ ಸೇರಿದ್ದಾರೆ ಎಂಬುದನ್ನು ಮೂರನೆಯ ವರ್ಷದ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕೇಳಿದರೆ, ಪರಿಚಯ ಪುಸ್ತಿಕೆಗಿಂತ ನಿಜವಾದ ಉತ್ತರ ದೊರೆಯುತ್ತದೆ.

ಊಹಿಸಿಕೊಂಡ ಆ ಕುಟುಂಬಕ್ಕೆ ಈ ಲೇಖಕನ ಸಲಹೆ ಹೀಗಿದೆ. ಹಳೆಯ ಕಾಲೇಜಿನ ವಿಭಾಗ ಸಾಧಾರಣ ಮಟ್ಟದಲ್ಲಿ ಸರಿಯಾಗಿದ್ದರೆ ಪದವಿಯನ್ನು ಅಲ್ಲಿಯೇ ಮುಗಿಸಿ, ಉಳಿದ ಹಣವನ್ನು ಎಂ.ಎ. ಮತ್ತು ಅದರ ಮುಂದಿನ ತರಬೇತಿಗೆ ಕಾದಿರಿಸುವುದು ಮೇಲು. ಈ ವೃತ್ತಿಯಲ್ಲಿ ಸಂಪಾದನೆ ಆರಂಭವಾಗುವುದು ತಡವಾಗಿ. ಮೊದಲ ಮೂರು ವರ್ಷಗಳಲ್ಲೇ ಸಾಲದ ಹೊರೆ ಏರಿದರೆ, ಅತ್ಯಂತ ಮುಖ್ಯವಾದ ಮೇಲಿನ ಮೆಟ್ಟಿಲಿನಲ್ಲಿ ಕಾಲು ಹಿಂದೆಗೆಯಬೇಕಾಗುತ್ತದೆ. ಊರಿನ ಕಾಲೇಜಿನಲ್ಲಿ ಪ್ರಯೋಗಾಲಯವೇ ಇಲ್ಲ, ಕಾಯಂ ಅಧ್ಯಾಪಕರೂ ಇಲ್ಲ ಎಂದಾದರೆ ಮಾತು ಬೇರೆ.

ಮೈಸೂರಿನ ನೆನಪು, ಕನ್ನಡದ ಉಪಯೋಗ

ಕಲ್ಕತ್ತ ವಿಶ್ವವಿದ್ಯಾಲಯದ ನಂತರ ಭಾರತದಲ್ಲಿ ಮನೋವಿಜ್ಞಾನ ವಿಭಾಗ ತೆರೆದದ್ದು ಮೈಸೂರು ವಿಶ್ವವಿದ್ಯಾಲಯ, 1924ರಲ್ಲಿ. ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದವರೂ ಇವರೇ. ಆಕಾಶವಾಣಿ ಎಂಬ ಹೆಸರಿನ ಕಥೆ ಅಲ್ಲಿಗೆ ಸೇರಿದ್ದು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಒಂದುಗೂಡಿ ನಿಮ್ಹಾನ್ಸ್ ಆಯಿತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಪ್ರಯೋಗ ನಡೆದದ್ದು ಬಳ್ಳಾರಿ ಜಿಲ್ಲೆಯಲ್ಲಿ. ಹೀಗಾಗಿ ಈ ವಿಷಯವನ್ನು ಓದುವ ಹೊರನಾಡ ಕನ್ನಡಿಗನಿಗೆ ತನ್ನ ನಾಡಿನಲ್ಲೇ ಒಂದು ಪರಂಪರೆ ಇದೆ.

ಪರಂಪರೆಗಿಂತ ಹೆಚ್ಚಿನದು ಭಾಷೆಯ ಪ್ರಯೋಜನ. 1930ರ ದಶಕದಲ್ಲಿ ವಿ. ವಿ. ಕಾಮತರು ಫ್ರಾನ್ಸಿನ ಬಿನೆಯವರ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಅದು ಪ್ರಸಿದ್ಧವಾಗಿದೆ. ಮಗುವಿನ ಬುದ್ಧಿಯನ್ನು ಅದು ಅರಿಯದ ಭಾಷೆಯಲ್ಲಿ ಅಳೆದರೆ ಅಳತೆಗೆ ಸಿಗುವುದು ಭಾಷೆಯ ಅರಿವೇ ಹೊರತು ಬುದ್ಧಿಯಲ್ಲ ಎಂಬ ತಿಳಿವಳಿಕೆ ಇಂತಹ ಕೆಲಸದ ಹಿಂದಿದೆ. ಹೊಟ್ಟೆಯಲ್ಲಿ ಸಂಕಟ, ಎದೆ ಭಾರ, ಜೀವಕ್ಕೆ ಬೇಸರ ಎಂದು ಹೇಳಿಕೊಳ್ಳುವ ಅಜ್ಜಿಯ ಮಾತನ್ನು ಕೇಳಿ, ಅದು ಜೀರ್ಣದ ತೊಂದರೆಯೋ ಖಿನ್ನತೆಯೋ ಎಂದು ವಿವೇಚಿಸಲು ಪಠ್ಯಪುಸ್ತಕದ ಜೊತೆಗೆ ಕನ್ನಡವೂ ಬೇಕು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯದೆ ಉಳಿದವರ ಪ್ರಮಾಣ ಶೇಕಡಾ 70ರಿಂದ 92ರವರೆಗೆ ಇದೆಯೆಂದು ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ತಿಳಿಸಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ ಸೇವೆ, ಸಂಖ್ಯೆ 14416, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದೊರೆಯುತ್ತದೆ. ಇಂತಹ ಕಡೆಗಳಲ್ಲಿ ಕೆಲಸ ಮಾಡುವವರಿಗೆ ಮನೆಯಲ್ಲಿ ಕಲಿತ ಮಾತು ಕಸುಬಿನ ಉಪಕರಣವೇ ಆಗುತ್ತದೆ. ಮುಂಬಯಿ, ಪುಣೆಗಳಲ್ಲಿ ಬೆಳೆದ ಮಕ್ಕಳಿಗೆ ಮರಾಠಿಯೂ, ಚೆನ್ನೈಯವರಿಗೆ ತಮಿಳೂ ಬರುವುದರಿಂದ ಅವರ ಅನುಕೂಲ ಇಮ್ಮಡಿ. ಕಾಲೇಜು ಆರಿಸುವಾಗ, ಕ್ಷೇತ್ರಕಾರ್ಯದ ಊರಿನ ಜನ ಆಡುವ ಭಾಷೆ ತಮಗೆ ಬರುತ್ತದೆಯೇ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ತೆಗೆದುಕೊಳ್ಳಬೇಕು.

ಪ್ರಮಾಣಪತ್ರಗಳ ವಿಷಯ

ಕರ್ನಾಟಕದಿಂದ ವಲಸೆ ಬಂದ ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದ ಕುಟುಂಬಗಳು ಒಂದು ಕಾನೂನಿನ ಅಂಶವನ್ನು ಅರ್ಜಿ ಹಾಕುವ ಮೊದಲೇ ಅರಿತಿರಬೇಕು. ಒಂದು ರಾಜ್ಯದಲ್ಲಿ ಪರಿಶಿಷ್ಟರೆಂದು ಮಾನ್ಯರಾದವರಿಗೆ, ವಲಸೆ ಹೋದ ರಾಜ್ಯದ ಮೀಸಲಾತಿಯ ಸೌಲಭ್ಯ ತಾನಾಗಿ ದೊರೆಯುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ತೀರ್ಪು ನೀಡಿತು. ಆ ಪ್ರಕರಣ ಹುಟ್ಟಿದ್ದೇ ಮುಂಬಯಿಯ ವೈದ್ಯಕೀಯ ಕಾಲೇಜೊಂದರ ಪ್ರವೇಶದ ಸಂಬಂಧವಾಗಿ. ಆದರೆ ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಮೂಲ ರಾಜ್ಯದ ಪ್ರಮಾಣಪತ್ರದ ಆಧಾರದ ಮೇಲೆ ಸೌಲಭ್ಯ ಕೇಳಬಹುದು. ಇಂತಹ ಕುಟುಂಬದ ವಿದ್ಯಾರ್ಥಿಗೆ ನೆಲೆಸಿದ ರಾಜ್ಯದ ವಿಶ್ವವಿದ್ಯಾಲಯಕ್ಕಿಂತ ಅದೇ ನಗರದ, ಅಥವಾ ದೂರದ, ಕೇಂದ್ರೀಯ ವಿಶ್ವವಿದ್ಯಾಲಯವೇ ಹೆಚ್ಚು ಸುಲಭವಾಗಿ ಎಟಕುವ ಸಾಧ್ಯತೆಯಿದೆ. ಇತರೆ ಹಿಂದುಳಿದ ವರ್ಗದವರು ತಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ರಾಜ್ಯದ ಪಟ್ಟಿ ಮತ್ತು ಕೇಂದ್ರದ ಪಟ್ಟಿ ಒಂದೇ ಅಲ್ಲ. ಊರಿನ ತಹಶೀಲ್ದಾರರ ಕಚೇರಿಯಿಂದ ಪ್ರಮಾಣಪತ್ರ ತರಿಸಲು ಸಮಯ ಹಿಡಿಯುತ್ತದೆ. ಫಲಿತಾಂಶದ ನಂತರ ಓಡಾಡುವುದರ ಬದಲು ಹಿಂದಿನ ದೀಪಾವಳಿಗೆ ಊರಿಗೆ ಹೋದಾಗಲೇ ಅರ್ಜಿ ಕೊಟ್ಟು ಬರುವುದು ಕ್ಷೇಮ.

ಪ್ರವೇಶ ಖಚಿತವಾದ ಮೇಲೆ, ಆ ವರ್ಷದ ಪಠ್ಯಕ್ರಮದ ಪುಸ್ತಿಕೆ, ಶುಲ್ಕದ ರಸೀತಿಗಳು ಹಾಗೂ ನಿಯತ ಪೂರ್ಣಾವಧಿ ವಿದ್ಯಾರ್ಥಿ ಎಂದು ನಮೂದಿಸಿರುವ ಪ್ರವೇಶಪತ್ರವನ್ನು ತೆಗೆದಿರಿಸಬೇಕು. ಪಠ್ಯಕ್ರಮಗಳು ಬೇಗ ಬೇಗ ಬದಲಾಗುವ ಈ ದಿನಗಳಲ್ಲಿ, ನೀವು ಓದಿದ್ದು ಏನು ಎಂದು ಐದು ವರ್ಷದ ನಂತರ ಬೇರೊಂದು ಊರಿನ ಕಚೇರಿ ಕೇಳಿದಾಗ ತೋರಿಸಲು ಇರುವುದು ಆ ಕಾಗದಗಳು ಮಾತ್ರ.